ಜಮಖಂಡಿ ವಕೀಲರ ಎರಡು ಸಹಿ

ಇದು 1945. ನೀವು ಜಮಖಂಡಿಯ ಪೇಟೆಯಲ್ಲಿ ನಿಂತಿದ್ದೀರಿ. ಎರೆಹೊಲದ ಜೋಳ, ಹತ್ತಿ ಹೇರಿಕೊಂಡ ಗಾಡಿಗಳು ಧೂಳೆಬ್ಬಿಸುತ್ತ ಬರುತ್ತಿವೆ. ಊರಾಚೆ ದಿಬ್ಬದ ಮೇಲೆ ರಾಮತೀರ್ಥದ ಅರಮನೆ, ಅದರಲ್ಲಿ ಪಟವರ್ಧನ ಮನೆತನದ ರಾಜರು. ದರ್ಬಾರಿನ ಮಾತು ಮರಾಠಿ, ಸಂತೆಯ ಮಾತು ಕನ್ನಡ. ಇಡೀ ಸಂಸ್ಥಾನ ಸುಮಾರು 500 ಚದರ ಮೈಲಿ, ಅಷ್ಟೇ. ಇಷ್ಟು ಪುಟ್ಟ ರಾಜ್ಯಕ್ಕೂ ಒಬ್ಬ ರಾಜ, ಒಬ್ಬ ದಿವಾನ, ಒಂದು ಶಾಸನಸಭೆ, ಊರಿಗೊಂದು ಪುರಸಭೆ.

ಪುರಸಭೆಯ ಒಳಗೆ ಬನ್ನಿ. ಮೇಜಿನ ಆಚೆ ಕೂತವರು ಮೂವತ್ತರ ಆಸುಪಾಸಿನ ಕುಳ್ಳಗಿನ ವಕೀಲರು, ಸಾವಳಗಿಯ ಕಿರಾಣಿ ಅಂಗಡಿಕಾರರ ಮಗ ಬಸಪ್ಪ ದಾನಪ್ಪ ಜತ್ತಿ. ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಾನೂನು ಮುಗಿಸಿ, ಜಮಖಂಡಿಗೆ ಬಂದು ವಕೀಲಿಗೆ ನಿಂತವರು. 1940ರಲ್ಲಿ ಪುರಸಭೆ ಸದಸ್ಯರಾದರು, ಈ ವರ್ಷ ಅಧ್ಯಕ್ಷರಾಗಿದ್ದಾರೆ. ಪುರಸಭೆ ಅಧ್ಯಕ್ಷನ ಬಾಳು ಹೇಗಿರುತ್ತದೆ ಎಂಬುದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಬಾಗಿಲಲ್ಲಿ ಒಬ್ಬ ಮುದುಕ ನಿಂತು, "ಸಾಹೇಬ್ರ, ನಮ್ಮ ಓಣಿ ಗಟಾರ ತುಂಬಿ ಹರಿಯಾಕ ಹತ್ತೈತ್ರಿ" ಅನ್ನುತ್ತಾನೆ. ಅವನ ಹಿಂದೆ ನೀರಿನ ತಕರಾರಿನವರು, ಅವರ ಹಿಂದೆ ತೆರಿಗೆ ಹೆಚ್ಚಾಯಿತು ಎನ್ನುವವರು. ಕೇಳಿಸಿಕೊಳ್ಳಬೇಕು, ಠರಾವು ಬರೆಸಬೇಕು, ಕೋರಂ ಆಗುವವರೆಗೆ ಕಾಯಬೇಕು, ನಡವಳಿ ಪುಸ್ತಕಕ್ಕೆ ಸಹಿ ಹಾಕಬೇಕು. ಕಾಯುವುದು ಮತ್ತು ಸಹಿ ಹಾಕುವುದು. ಜತ್ತಿಯವರು ಮುಂದೆ ಎಲ್ಲಿಗೇ ಹೋದರೂ ಈ ಎರಡು ಕೆಲಸ ಅವರ ಬೆನ್ನು ಬಿಡಲಿಲ್ಲ. ಅವರನ್ನು ಎತ್ತಿದ್ದೂ ಅವೇ, ಅವರ ಹೆಸರಿಗೆ ಕಪ್ಪು ಬಳಿದದ್ದೂ ಅವೇ ಎಂಬುದು ನನ್ನ ಅನಿಸಿಕೆ.

ಇದೇ ಹೊತ್ತಿಗೆ ನಮ್ಮ ಕಡೆ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ, ನಿಜಾಮನ ಆಳ್ವಿಕೆ. ನಮ್ಮ ಮಂಗಳೂರಿನ (ಕಡಲ ಮಗ್ಗುಲಿನದಲ್ಲ, ಯಲಬುರ್ಗಾ ಸೀಮೆಯದು) ರೈತ ಹೈದರಾಬಾದಿನ ಕಡೆ ನೋಡುತ್ತಾನೆ. ಹುಬ್ಬಳ್ಳಿಯವನು ಮುಂಬಯಿ ಕಡೆ, ಜಮಖಂಡಿಯವನು ದಿಬ್ಬದ ಮೇಲಿನ ಅರಮನೆ ಕಡೆ. ಕುಷ್ಟಗಿ ದಾಟಿ ಇಳಕಲ್, ಹುನಗುಂದ, ಬಾಗಲಕೋಟೆ ಹಿಡಿದು ಹೋದರೆ ಅದೇ ನೆಲ, ಅದೇ ರೊಟ್ಟಿ, ಅದೇ ಬಸವಣ್ಣ. ಸರ್ಕಾರ ಮಾತ್ರ ಬೇರೆ ಬೇರೆ.

ಮೂರೇ ವರ್ಷದಲ್ಲಿ ಪುರಸಭೆಯ ಅಧ್ಯಕ್ಷರು ಸಂಸ್ಥಾನದ ಶಾಸನಸಭೆಗೆ ಹೋಗಿ, ಮಂತ್ರಿಯಾಗಿ, 1948ರಲ್ಲಿ ದಿವಾನರೇ ಆದರು. ದಿವಾನಗಿರಿ ಬಂದದ್ದು ರಾಜ್ಯವನ್ನು ಮುಚ್ಚುವ ಹೊತ್ತಿನಲ್ಲಿ. ಆ ವರ್ಷ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತಕ್ಕೆ ಸೇರಿತು. ರಾಜಾ ಶಂಕರರಾವ್ ಪಟವರ್ಧನರು ತಗಾದೆ ಮಾಡಲಿಲ್ಲ, ದಿವಾನರೂ ಮಾಡಲಿಲ್ಲ. ಅದೇ ಹೊತ್ತಿನಲ್ಲಿ ನಮ್ಮ ಕಡೆ ರಜಾಕಾರರ ಭಯಕ್ಕೆ ಜನ ಊರು ಬಿಟ್ಟು ಗಡಿಯಾಚೆ ಶಿಬಿರ ಹೂಡಿದ್ದರು. ಅಲ್ಲಿ ಒಂದು ಸಹಿಯಲ್ಲಿ ಮುಗಿದದ್ದಕ್ಕೆ ಇಲ್ಲಿ ಸೈನ್ಯ ಬರಬೇಕಾಯಿತು.

ರಾಜ್ಯ ಹೋಯಿತು, ದಿವಾನಗಿರಿಯೂ ಹೋಯಿತು. ಜತ್ತಿಯವರು ಮತ್ತೆ ಕರಿಕೋಟು ತೊಟ್ಟು ಕೋರ್ಟಿಗೆ ಹೊರಟರು. 20 ತಿಂಗಳು ವಕೀಲಿ. ಆಮೇಲೆ ವಿಲೀನವಾದ ಪ್ರದೇಶದ ಪ್ರತಿನಿಧಿ ಎಂದು ಮುಂಬಯಿ ಶಾಸನಸಭೆಗೆ ನಾಮಕರಣ, ವಾರ ಕಳೆಯುವುದರೊಳಗೆ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿ. 1952ರ ಚುನಾವಣೆ ಮುಗಿದ ಮೇಲೆ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಆರೋಗ್ಯ, ಕಾರ್ಮಿಕ ಖಾತೆಗಳ ಕೆಲಸ. ಮೊರಾರ್ಜಿ ಎಂದರೆ ಶಿಸ್ತು, ಹಟ, ಮುಖದ ಮೇಲೆ ಹೊಡೆದಂಥ ಮಾತು. ಅವರ ಕೈಕೆಳಗೆ ನಾಲ್ಕು ವರ್ಷ ಬಾಳಬೇಕಾದರೆ ಸಿಟ್ಟು ಕಡಿಮೆ ಇರಬೇಕು. ಜತ್ತಿಯವರಿಗೆ ಕಡಿಮೆಯೇ ಇತ್ತು. ಈ ಇಬ್ಬರನ್ನು ನೆನಪಿನಲ್ಲಿಡಿ, ದಿಲ್ಲಿಯಲ್ಲಿ ಮತ್ತೆ ಸಿಗುತ್ತಾರೆ.

1956ರ ನವೆಂಬರ್ 1. ನಕಾಶೆ ಬದಲಾಯಿತು. ನಿಜಾಮನ ಕಡೆಯ ನಾವೂ ಮುಂಬಯಿ ಕಡೆಯ ಅವರೂ ಒಂದೇ ಮೈಸೂರು ರಾಜ್ಯಕ್ಕೆ ಬಂದೆವು. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಈಗ ಬೆಂಗಳೂರಿಗೆ ಬನ್ನಿ, 1958ರ ಮೇ. ವಿಧಾನಸೌಧ ಇನ್ನೂ ಹೊಸದು. ಮೊಗಸಾಲೆಯಲ್ಲಿ ಗುಂಪು ಗುಂಪು ನಿಂತ ಶಾಸಕರು, ಪಿಸುಮಾತು. ನಿಜಲಿಂಗಪ್ಪನವರ ಮೇಲೆ ಸ್ವಂತ ಪಕ್ಷದವರೇ ತಿರುಗಿಬಿದ್ದಿದ್ದಾರೆ, ಅವರು ಕೆಳಗಿಳಿದಿದ್ದಾರೆ. ಮುಂದೆ ಯಾರು? ಟಿ. ಸುಬ್ರಹ್ಮಣ್ಯ, ಸಾಹುಕಾರ್ ಚನ್ನಯ್ಯ ಅವರಂಥ ಘಟಾನುಘಟಿಗಳ ಹೆಸರು ಓಡಾಡುತ್ತಿವೆ. ಹಳೆ ಮೈಸೂರಿನವರ ಕಣ್ಣಿಗೆ ಜತ್ತಿ ಎಂದರೆ ಮುಂಬಯಿ ಕಡೆಯಿಂದ ಬಂದ ಒಬ್ಬ ಸೌಮ್ಯ ವಕೀಲ, ಭೂಸುಧಾರಣೆಗೆ ಕಾನೂನು ಬರೆಯುವ ಸಮಿತಿಯ ಅಧ್ಯಕ್ಷ. ಗದ್ದಲ ಮಾಡುವವರು ತಮ್ಮತಮ್ಮಲ್ಲೇ ಸವೆದಾಗ ಗದ್ದಲ ಮಾಡದವನಿಗೆ ಕುರ್ಚಿ ಸಿಗುವುದುಂಟು. ಮೇ 16ರಂದು ಜಮಖಂಡಿ ಪುರಸಭೆಯ ಮಾಜಿ ಅಧ್ಯಕ್ಷರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1962ರ ಮಾರ್ಚ್ 9ರವರೆಗೆ ಇದ್ದರು.

ಆ ನಾಲ್ಕು ವರ್ಷದ ದೊಡ್ಡ ಕೆಲಸ ಭೂಸುಧಾರಣೆಯ ಮಸೂದೆ. 1961ರಲ್ಲಿ ಸದನದ ಒಪ್ಪಿಗೆ ಪಡೆಯಿತು. ಗೇಣಿದಾರನಿಗೆ ರಕ್ಷಣೆ, ಜಮೀನಿಗೆ ಮಿತಿ. ಕಾಗದದ ಮೇಲೆ ಒಳ್ಳೆಯ ಕಾನೂನು, ಸಂದುಗೊಂದು ಬಹಳ. ಉಳುವವನ ಕೈಗೆ ಹೊಲ ನಿಜವಾಗಿ ಬರಬೇಕಾದರೆ ದೇವರಾಜ ಅರಸರ 1974ರ ತಿದ್ದುಪಡಿಯೇ ಬೇಕಾಯಿತು. ಹಾಗೆಂದು ಮೊದಲ ಕರಡು ಬರೆದವರನ್ನು ಮರೆಯುವುದು ನ್ಯಾಯವಲ್ಲ. ಅರಸರು ಬಿತ್ತಿದ ಹೊಲವನ್ನು ಮೊದಲು ಹರಗಿದವರು ಜತ್ತಿ.

1962ರ ಚುನಾವಣೆಯ ಮರುದಿನಗಳು ನಮ್ಮ ರಾಜಕೀಯದ ಒಂದು ನಾಟಕದ ಪ್ರವೇಶದ ಹಾಗಿವೆ. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದಾರೆ, ಆದರೆ ಪಕ್ಷದಲ್ಲಿ ಬಲ ಅವರದೇ. ಜತ್ತಿಯವರು ಗೆದ್ದಿದ್ದಾರೆ, ಕುರ್ಚಿ ಮಾತ್ರ ಕೈಜಾರಿದೆ. ನಡುವೆ ಹುನಗುಂದದ ಎಸ್.ಆರ್. ಕಂಠಿಯವರನ್ನು ಮುಖ್ಯಮಂತ್ರಿ ಮಾಡಲಾಯಿತು. ಮೂರು ತಿಂಗಳಿಗೆ ನಿಜಲಿಂಗಪ್ಪ ಬಾಗಲಕೋಟೆಯ ಉಪಚುನಾವಣೆಯಲ್ಲಿ ಗೆದ್ದು ಬಂದರು, ಕಂಠಿಯವರು ಎದ್ದು ಜಾಗ ಬಿಟ್ಟರು. ಇಂಥ ಹೊತ್ತಿನಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬ ಏನು ಮಾಡಬಹುದು? ಮುನಿಸಿಕೊಳ್ಳಬಹುದು, ಬಣ ಕಟ್ಟಬಹುದು. ಜತ್ತಿಯವರು ಜುಲೈ 2ರಂದು ನಿಜಲಿಂಗಪ್ಪನವರ ಕೈಕೆಳಗೆ ಹಣಕಾಸು ಮಂತ್ರಿಯಾಗಿ ಪ್ರಮಾಣ ಮಾಡಿದರು. ಇದನ್ನು ಕೆಲವರು ದೊಡ್ಡತನ ಎಂದರು, ಕೆಲವರು ಅಧಿಕಾರದ ಆಸೆ ಎಂದರು. ನನಗೆ ಇದು ಪುರಸಭೆಯ ಬುದ್ಧಿ ಅನ್ನಿಸುತ್ತದೆ. ಅಧ್ಯಕ್ಷಗಿರಿ ಹೋದ ಮರುದಿನ ಸದಸ್ಯನಾಗಿ ಅದೇ ಸಭೆಗೆ ಹೋಗಿ ಕೂರುವುದು ಅಲ್ಲಿ ಅವಮಾನವಲ್ಲ.

1968ರ ಅಕ್ಟೋಬರಿನಲ್ಲಿ ಅವರನ್ನು ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್ ಎಂದು ಕಳಿಸಿದರು. ರಾಜಕೀಯದಲ್ಲಿ ಇದನ್ನು ಮೂಲೆಗೆ ಕೂರಿಸುವುದು ಎನ್ನುತ್ತಾರೆ. ಆದರೆ ಮೂಲೆಯಲ್ಲಿ ಕೂತವನಿಗೆ ಕೆಲವೊಮ್ಮೆ ಬಿರುಗಾಳಿ ತಾಗುವುದಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪ ಒಂದು ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ. ಕರ್ನಾಟಕದ ಪ್ರತಿಯೊಬ್ಬ ನಾಯಕನೂ ಯಾರ ಕಡೆ ಎಂದು ಹೇಳಲೇಬೇಕಾಯಿತು. ಕಡಲ ದಂಡೆಯ ರಾಜನಿವಾಸದಲ್ಲಿದ್ದ ಜತ್ತಿಯವರಿಗೆ ಆ ಕಷ್ಟ ಬರಲಿಲ್ಲ. ನಿಜಲಿಂಗಪ್ಪನವರ ಕಾಲ ಮುಗಿಯಿತು. ಜತ್ತಿಯವರದು ಇನ್ನೂ ಇತ್ತು.

1972ರ ನವೆಂಬರಿನಲ್ಲಿ ಒರಿಸ್ಸಾ ರಾಜ್ಯಪಾಲ. ಭುವನೇಶ್ವರದ ರಾಜಭವನದಲ್ಲಿ ಕೂತು ಐದು ತಿಂಗಳೂ ತುಂಬಿರಲಿಲ್ಲ, 1973ರ ಮಾರ್ಚಿನಲ್ಲಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರ ಕಡೆಯ ಶಾಸಕರು ಪಕ್ಷ ಬಿಟ್ಟು ಹೊರಟರು. ಸತ್ಪತಿ ರಾಜೀನಾಮೆ ಕೊಟ್ಟರು. ಬಿಜು ಪಟ್ನಾಯಕ್ ಬಂದು, ನನ್ನ ಬಳಿ ಬಹುಮತವಿದೆ, ಸರ್ಕಾರ ರಚಿಸಲು ಕರೆಯಿರಿ ಎಂದರು. ಜತ್ತಿ ಕರೆಯಲಿಲ್ಲ. ವಿಧಾನಸಭೆ ವಿಸರ್ಜನೆಯಾಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಬಿಜು ಹೈಕೋರ್ಟಿನ ಮೆಟ್ಟಿಲು ಹತ್ತಿದರು, ಫಲ ಸಿಗಲಿಲ್ಲ. ದಿಲ್ಲಿಗೆ ಬೇಕಾದದ್ದು ಆಯಿತು. ಜನ ಆರಿಸಿದ ಸಭೆಯೊಂದನ್ನು ಇಷ್ಟು ಸಲೀಸಾಗಿ ಮುಚ್ಚಿಸಿದ್ದು ಜತ್ತಿಯವರ ಬಾಳಿನ ತಪ್ಪು ಲೆಕ್ಕ ಎಂದು ನಾನು ಎಣಿಸುತ್ತೇನೆ. ಮುಂದೆ ಅದಕ್ಕೆ ಬಡ್ಡಿ ಸಮೇತ ತೆರಬೇಕಾಯಿತು.

ಮರುವರ್ಷವೇ ಇಂದಿರಾ ಜತ್ತಿಯವರನ್ನು ಉಪರಾಷ್ಟ್ರಪತಿ ಅಭ್ಯರ್ಥಿ ಮಾಡಿದರು. ಎದುರಾಳಿ ಝಾರ್ಖಂಡ್ ಪಕ್ಷದ ಎನ್.ಇ. ಹೋರೊ. 521ಕ್ಕೆ 141 ಮತ. 1974ರ ಆಗಸ್ಟ್ 31ರಂದು ಸಾವಳಗಿಯ ಕಿರಾಣಿ ಅಂಗಡಿಯ ಮನೆ ಹುಡುಗ ದೇಶದ ಎರಡನೆಯ ಕುರ್ಚಿಯಲ್ಲಿ ಕೂತ.

1976ರ ಆಗಸ್ಟ್ 10. ರಾಜ್ಯಸಭೆಯ ಗ್ಯಾಲರಿಯಲ್ಲಿ ಕುಳಿತುಕೊಳ್ಳಿ. ತುರ್ತು ಪರಿಸ್ಥಿತಿ ಬಂದು ವರ್ಷ ದಾಟಿದೆ. ಎದುರಿನ ಸಾಲುಗಳಲ್ಲಿ ಅಲ್ಲಲ್ಲಿ ಖಾಲಿ ಜಾಗ, ಅಲ್ಲಿ ಕೂರಬೇಕಾದವರು ಜೈಲಿನಲ್ಲಿದ್ದಾರೆ. ಸಭಾಪತಿ ಪೀಠದಲ್ಲಿ ಬಿಳಿ ಟೋಪಿಯ ಜತ್ತಿ ತೀರಿಕೊಂಡವರ ಹೆಸರು ಓದುತ್ತಿದ್ದಾರೆ. ಸಂತಾಪದ ಹೊತ್ತು, ಸದ್ದಿಲ್ಲ. ಅಷ್ಟರಲ್ಲಿ ಒಬ್ಬ ಸದಸ್ಯ ಎದ್ದು ನಿಲ್ಲುತ್ತಾನೆ. ನಿಮ್ಮ ಪಕ್ಕದವರು ಬೆಚ್ಚಿಬೀಳುತ್ತಾರೆ. ಅದು ಸುಬ್ರಮಣಿಯನ್ ಸ್ವಾಮಿ! ಬಂಧನದ ವಾರಂಟ್ ಇರುವ, ವಿದೇಶದಲ್ಲಿದ್ದಾನೆ ಎಂದು ಎಲ್ಲರೂ ಅಂದುಕೊಂಡಿದ್ದ ಮನುಷ್ಯ. ಸತ್ತವರ ಪಟ್ಟಿಯಲ್ಲಿ ಪ್ರಜಾಪ್ರಭುತ್ವದ ಹೆಸರು ಬಿಟ್ಟುಹೋಗಿದೆ ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ. ಸಭಾಪತಿಗಳು ನಿಯಮದ ಪ್ರಕಾರ ಅದಕ್ಕೆ ಅವಕಾಶ ಕೊಡುವುದಿಲ್ಲ. ನಿಯಮದ ಪ್ರಕಾರವೇ ಮೌನಾಚರಣೆಗೆ ಸದನ ಎದ್ದು ನಿಲ್ಲುತ್ತದೆ. ಆ ಮೌನದಲ್ಲಿ ಸ್ವಾಮಿ ನಡೆದು ಹೊರಟೇ ಹೋಗುತ್ತಾನೆ. ಹಿಡಿಯಬೇಕಾದವರು ನೋಡುತ್ತ ಉಳಿಯುತ್ತಾರೆ.

ಪೀಠದ ಮೇಲಿದ್ದವರ ಮನಸ್ಸಿನಲ್ಲಿ ಆಗ ಏನಿತ್ತೋ. ಕಂಡದ್ದು ಇಷ್ಟು: ಮನೆಯೇ ಹತ್ತಿ ಉರಿಯುತ್ತಿದ್ದಾಗಲೂ ಅವರು ನಡವಳಿಯ ಸಾಲು ತಪ್ಪಲಿಲ್ಲ. ಅದೇ ನವೆಂಬರಿನಲ್ಲಿ 42ನೇ ತಿದ್ದುಪಡಿ ಅದೇ ಸದನದಲ್ಲಿ ಪಾಸಾಯಿತು. ಮಂತ್ರಿಮಂಡಲ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಎಂಬ ಮಾತು ಸಂವಿಧಾನದೊಳಗೆ ಬಂದದ್ದು ಆಗ. ಆ ಹಗ್ಗ ಆರು ತಿಂಗಳಲ್ಲಿ ತಮ್ಮ ಕೈಗೇ ಬೀಳುತ್ತದೆಂದು ಜತ್ತಿಯವರು ಎಣಿಸಿರಲಿಕ್ಕಿಲ್ಲ.

1977ರ ಫೆಬ್ರುವರಿ 11ರ ಮುಂಜಾನೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಚುನಾವಣೆ ಪ್ರಚಾರ ಜೋರಾಗಿದ್ದ ಹೊತ್ತು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮತ್ತೊಬ್ಬರು ಖಾಲಿ ಮಾಡಿದ ಕುರ್ಚಿ, ಮತ್ತೆ ಇವರಿಗೆ.

ಮಾರ್ಚ್ 20ರ ರಾತ್ರಿಯ ದಿಲ್ಲಿ. ಬಹದ್ದೂರ್ ಶಾ ಜಾಫರ್ ಮಾರ್ಗದ ಪತ್ರಿಕಾ ಕಚೇರಿಗಳ ಮುಂದೆ ಜನವೋ ಜನ. ಫಲಿತಾಂಶದ ಫಲಕದಲ್ಲಿ ಅಂಕಿ ಬದಲಾದಾಗೆಲ್ಲ ಕೂಗು ಏಳುತ್ತದೆ. ರಾಯಬರೇಲಿಯಲ್ಲಿ ಇಂದಿರಾ ಗಾಂಧಿ ರಾಜನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದಾರೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಗಿದೆ. (ನಮ್ಮ ಕಡೆ ಗಾಳಿಯೇ ಬೇರೆ. ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ, ಕೊಪ್ಪಳವೂ ಅದರಲ್ಲೊಂದು.) ಬೆಳಗಾಗುವುದರೊಳಗೆ ಸೋತ ಸಂಪುಟದ ಸಭೆ ಸೇರುತ್ತದೆ. ಒಳಾಡಳಿತದ ತುರ್ತು ಪರಿಸ್ಥಿತಿಯನ್ನು ಹಿಂಪಡೆಯಬೇಕು ಎಂಬ ಸಲಹೆ ಹಂಗಾಮಿ ರಾಷ್ಟ್ರಪತಿಗಳ ಮುಂದೆ ಬರುತ್ತದೆ. 21ರಂದು ಜತ್ತಿ ಸಹಿ ಹಾಕುತ್ತಾರೆ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನರ ಲೇಖನಿಯಿಂದ ಶುರುವಾದದ್ದು 21 ತಿಂಗಳ ಮೇಲೆ ಜಮಖಂಡಿಯ ಲೇಖನಿಯಿಂದ ಮುಗಿಯಿತು. ಹಾಕಿದ ಸಹಿಯ ಬಗ್ಗೆ ನೂರು ಪುಸ್ತಕಗಳಿವೆ, ವ್ಯಂಗ್ಯಚಿತ್ರಗಳಿವೆ. ತೆಗೆದ ಸಹಿ ಯಾರದೆಂದು ನಮ್ಮ ಕಾಲೇಜು ಹುಡುಗರನ್ನು ಕೇಳಿ ನೋಡಿ.

ಮಾರ್ಚ್ 24, ರಾಷ್ಟ್ರಪತಿ ಭವನ. 81ರ ಮೊರಾರ್ಜಿ ನೆಟ್ಟಗೆ ನಿಂತು ಪ್ರಧಾನಿಯಾಗಿ ಪ್ರಮಾಣ ಮಾಡುತ್ತಿದ್ದಾರೆ. ಪ್ರಮಾಣ ಮಾಡಿಸುತ್ತಿರುವವರು ಮುಂಬಯಿ ಸರ್ಕಾರದಲ್ಲಿ ಒಂದು ಕಾಲಕ್ಕೆ ಅವರ ಕೈಕೆಳಗಿದ್ದ ಜತ್ತಿ. ಹಳೆಯ ಸಾಹೇಬರು ಕೆಳಗೆ, ಹಳೆಯ ಕಿರಿಯ ಮೇಲೆ. ಇಬ್ಬರಿಗೂ ಅದು ಹೊಳೆಯದೆ ಇದ್ದೀತೇ?

ಗೆಳೆತನದ ಆಯುಷ್ಯ ಒಂದು ತಿಂಗಳು. ಏಪ್ರಿಲ್ 18ರಂದು ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ಕಾಂಗ್ರೆಸ್ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಜನ ನಿಮ್ಮನ್ನು ಲೋಕಸಭೆಯಲ್ಲಿ ತಿರಸ್ಕರಿಸಿದ್ದಾರೆ, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋಗಿ. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣ, ಹಿಮಾಚಲ, ಪಶ್ಚಿಮ ಬಂಗಾಳ, ಮತ್ತೆ ಅದೇ ಒರಿಸ್ಸಾ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಓಡಿದವು. ಏಪ್ರಿಲ್ 29ರಂದು ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ನೇತೃತ್ವದ ಏಳು ಜನರ ಪೀಠ ಅವರ ದಾವೆಯನ್ನು ತಳ್ಳಿಹಾಕಿತು. ಸಂಪುಟದ ಸಲಹೆ ಜತ್ತಿಯವರ ಮೇಜಿಗೆ ಬಂತು.

ಅವರು ಸಹಿ ಹಾಕಲಿಲ್ಲ.

ಆ ರಾತ್ರಿಯ ದಿಲ್ಲಿಯ ಸೆಖೆಯಲ್ಲಿ ನಿಂತು ಯೋಚಿಸಿ. ಎದುರಿಗೆ ಒಂಬತ್ತು ಸಭೆಗಳ ಮರಣಪತ್ರ. ಅವುಗಳಲ್ಲಿ ಬಹುಮತ ಕಳೆದುಕೊಂಡ ಸರ್ಕಾರ ಒಂದೂ ಇಲ್ಲ. ಲೋಕಸಭೆಯಲ್ಲಿ ಸೋತದ್ದಕ್ಕೆ ವಿಧಾನಸಭೆಯನ್ನು ಕೊಲ್ಲಬಹುದೇ? ಪುರಸಭೆಯಿಂದ ಮೇಲೆ ಬಂದವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮೇಲಿನ ಸರ್ಕಾರ ಬದಲಾದಾಗೆಲ್ಲ ಕೆಳಗಿನ ಸಭೆ ಸೂಪರ್‌ಸೀಡ್ ಆಗುವ ನೋವನ್ನು ಊರಿನ ಸದಸ್ಯರಷ್ಟು ಬಲ್ಲವರು ಯಾರಿದ್ದಾರೆ? ಹಾಗಾಗಿ ಆ ಹಿಂಜರಿಕೆಯಲ್ಲಿ ನ್ಯಾಯದ ಒಂದೆಳೆ ಇತ್ತು ಎಂದು ನಾನು ಈಗಲೂ ಹೇಳುತ್ತೇನೆ.

ಆದರೆ ಹೊರಗೆ ಬೀದಿಯಲ್ಲಿದ್ದ ಜನತಾ ಪಕ್ಷದವರಿಗೆ ಆ ಎಳೆ ಕಾಣಲಿಲ್ಲ, ಕಾಣಬೇಕಾದ ಹಂಗೂ ಅವರಿಗಿರಲಿಲ್ಲ. ಇಂದಿರಾ ಇದ್ದಾಗ ಮರುಮಾತಿಲ್ಲದೆ ನಡೆದ ಕೈ ಈಗ ಯಾಕೆ ನಡುಗುತ್ತಿದೆ ಎಂದು ಕೇಳಿದರು. ಒರಿಸ್ಸಾದಲ್ಲಿ ಬಿಜು ಪಟ್ನಾಯಕ್ ಬಹುಮತ ಹೊತ್ತು ಬಾಗಿಲಿಗೆ ಬಂದಾಗ ಈ ಸಂಕೋಚ ಎಲ್ಲಿತ್ತು? ಆ ಬಿಜು ಈಗ ಮೊರಾರ್ಜಿ ಸಂಪುಟದಲ್ಲಿ ಮಂತ್ರಿ! ಜತ್ತಿಯವರ ಬಳಿ ಕೊಡಲು ಉತ್ತರವಿರಲಿಲ್ಲ. ಕಾನೂನಿನ ದಾರಿಯೂ ಮುಚ್ಚಿತ್ತು. ತಾವೇ ಸಭಾಪತಿಯಾಗಿದ್ದ ಸದನ ಒಪ್ಪಿದ 42ನೇ ತಿದ್ದುಪಡಿ ಅವರಿಗೆ ಕಾಯುವ ಹಕ್ಕನ್ನೂ ಬಿಟ್ಟಿರಲಿಲ್ಲ. ಸಲಹೆಯನ್ನು ಒಮ್ಮೆ ಹಿಂದಕ್ಕೆ ಕಳಿಸಬಹುದು ಎಂಬ ಅವಕಾಶ ಸಂವಿಧಾನಕ್ಕೆ ಬಂದದ್ದು ಆಮೇಲಿನ 44ನೇ ತಿದ್ದುಪಡಿಯಲ್ಲಿ. ಸಂಪುಟ ಪಟ್ಟು ಸಡಿಲಿಸಲಿಲ್ಲ. 30ರಂದು ಸಹಿ ಬಿತ್ತು.

ಕಾದದ್ದು ಒಂದೇ ದಿನ. ಆ ಒಂದು ದಿನ ಅವರ ಹೆಸರಿಗೆ ಅಂಟಿಕೊಂಡಿತು, ಮಾರ್ಚ್ 21ರ ಸಹಿ ಯಾರ ಹೆಸರಿಗೂ ಅಂಟಲಿಲ್ಲ. ಇದು ಅನ್ಯಾಯವೇ? ಪೂರ್ತಿ ಅಲ್ಲ. ಒರಿಸ್ಸಾದಲ್ಲಿ ಕಾಯದವನು ದಿಲ್ಲಿಯಲ್ಲಿ ಕಾದರೆ ಜನ ತತ್ವವನ್ನು ನೋಡುವುದಿಲ್ಲ, ಪಕ್ಷವನ್ನು ನೋಡುತ್ತಾರೆ. 1973ರಲ್ಲಿ ಅವರು ಬಿಜು ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಬಿಟ್ಟಿದ್ದರೆ, 1977ರ ಆ ಒಂದು ದಿನ ಅವರ ಬಾಳಿನ ಅತ್ಯುತ್ತಮ ದಿನವಾಗುತ್ತಿತ್ತು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು, ಜತ್ತಿ ಉಪರಾಷ್ಟ್ರಪತಿಯ ಕುರ್ಚಿಗೆ ಮರಳಿದರು. 1979ರ ಆಗಸ್ಟ್ 30ಕ್ಕೆ ಅವಧಿ ಮುಗಿಯಿತು. ಉಳಿದ ಕಾಲ 1964ರಲ್ಲಿ ತಾವೇ ಕಟ್ಟಿದ್ದ ಬಸವ ಸಮಿತಿಗೆ. ವಚನಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಒಯ್ದ ಕೆಲಸ ಆ ಸಮಿತಿಯಿಂದಲೇ ಮುಂದೆ ಆಯಿತು. ಅಧಿಕಾರದಲ್ಲಿ ಮಾಡಿದ್ದಕ್ಕಿಂತ ಇದು ಬಹುಕಾಲ ಬಾಳುತ್ತದೆ ಎನ್ನುವವರಿದ್ದಾರೆ, ನಾನೂ ಅವರ ಕಡೆಯೇ.

2002ರ ಜೂನ್ 7ರಂದು ಬೆಂಗಳೂರಿನಲ್ಲಿ ಜತ್ತಿ ತೀರಿಕೊಂಡರು. ರಾಷ್ಟ್ರಪತಿಯ ಕೆಲಸವನ್ನಾಗಲಿ, ಉಪರಾಷ್ಟ್ರಪತಿಯ ಕೆಲಸವನ್ನಾಗಲಿ ಅವರ ನಂತರ ಯಾವ ಕನ್ನಡಿಗನೂ ಮಾಡಿಲ್ಲ.